ಹತ್ತನೇ ಇಸವಿಯ ಬಂದೂಕು ಪಟ್ಟಿ

ಕೊಲಂಬಸ್ ನಗರದ ಹಳೆಯ ಆಯುಧಗಳ ಪ್ರದರ್ಶನದಲ್ಲಿ ಆ ವರ್ಷವೂ ಲೈನಸ್ ಹೋಮನ್‌ನ ಬೋರ್ಡಿಗೆ ಅಂಟಿಸಿದ್ದು ಕೆಂಪು ರಿಬ್ಬನ್ನೇ. ಕೆಂಪು ಅಂದರೆ ಎರಡನೆಯ ಬಹುಮಾನ. ಅವನ ಮನೆಯ ಡ್ರಾಯರಿನಲ್ಲಿ ಕೆಂಪು ರಿಬ್ಬನ್‌ಗಳು ಎಷ್ಟು ತುಂಬಿದ್ದವೆಂದರೆ, ಕ್ರಿಸ್‌ಮಸ್ ಉಡುಗೊರೆಗಳಿಗೆ ಕಟ್ಟಲು ಹೆಂಡತಿ ವೆರೀನಾ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮೊದಲ ಬಹುಮಾನದ ನೀಲಿ ರಿಬ್ಬನ್ ಎಂದಿನಂತೆ ಸಿನ್ಸಿನಾಟಿಯ ಹಲ್ಲಿನ ಡಾಕ್ಟರ್ ಗ್ರೇಡನ್ ಪೈಕ್‌ನ ಪಾಲಾಯಿತು.

ಇಬ್ಬರೂ ಕೂಡಿಡುತ್ತಿದ್ದದ್ದು ಬಂದೂಕಿನ ಪಟ್ಟಿಗಳನ್ನು. ಬಂದೂಕುಗಳನ್ನಲ್ಲ, ಹಿಂದಿನ ಕಾಲದ ಸಿಪಾಯಿಗಳು ಬಂದೂಕನ್ನು ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ ಚರ್ಮದ ಪಟ್ಟಿಗಳನ್ನು. ತಯಾರಾದ ಇಸವಿಗೊಂದರಂತೆ ಬೋರ್ಡಿಗೆ ಮೊಳೆ ಹೊಡೆದು, ಪಟ್ಟಿಗಳನ್ನು ಸಾಲಾಗಿ ತೂಗುಹಾಕಿ ಪ್ರದರ್ಶನಕ್ಕೆ ತರುತ್ತಿದ್ದರು. ಬಂದೂಕು ಕೂಡಿಡುವ ದೊಡ್ಡ ಮನುಷ್ಯರು ಇವರನ್ನು ಮದುವೆಮನೆಯಲ್ಲಿ ಚಪ್ಪಲಿ ಕಾಯುವವನನ್ನು ನೋಡುವಂತೆ ನೋಡುತ್ತಿದ್ದರು. ಆ ಚಪ್ಪಲಿ ಕಾಯುವವರಲ್ಲೂ ತಾನು ಎರಡನೆಯವನು ಎಂಬುದು ಲೈನಸ್‌ನ ಸಂಕಟ.

ಕೈಯಲ್ಲಿ ಕಾಫಿ ಹಿಡಿದು ಪೈಕ್ ಅವನ ಮೇಜಿನ ಮುಂದೆ ನಿಂತ. "ಬೋರ್ಡು ಚೆನ್ನಾಗಿದೆ, ಲೈನಸ್. ಆದ್ರೆ ಹತ್ತನೇ ಇಸವಿಯ ಮೊಳೆ ಇನ್ನೂ ಖಾಲಿ ಇದೆಯಲ್ಲಪ್ಪ. ಒಂದು ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ನನ್ನ ಕಸುಬೇ ಅಂಥದ್ದು ನೋಡು, ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ."

"ಸಿಗುತ್ತೆ ಬಿಡಿ ಡಾಕ್ಟ್ರೇ," ಅಂದ ಲೈನಸ್.

"ಸಿಗಲಿ ಸಿಗಲಿ. ಆಸೆ ಇದ್ದರೆ ಆರೋಗ್ಯಕ್ಕೂ ಒಳ್ಳೇದು."

ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಲೈನಸ್ ಆ ಮಾತಿಗೆ ಒಳ್ಳೊಳ್ಳೆಯ ಉತ್ತರಗಳನ್ನು ಹೊಸೆದ. ಯಾವುದೂ ಸರಿಯಾದ ಹೊತ್ತಿಗೆ ಬಂದಿರಲಿಲ್ಲ. ಕಾರು ಸೇಂಟ್ ವಾಲ್ಬರ್ಗ್ ಊರಿನ ಇಗರ್ಜಿಯ ಗೋಪುರ ಕಾಣುವಷ್ಟು ಹತ್ತಿರ ಬಂದಾಗ ಉತ್ತರಗಳನ್ನು ಬಿಟ್ಟು ಬೇರೊಂದು ಯೋಚನೆ ಹಿಡಿದಿದ್ದ. ಹತ್ತನೇ ಇಸವಿಯ, ಅಂದರೆ 1910ರ, ಪಟ್ಟಿ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಪ್ರತಿ ಶುಕ್ರವಾರ ಅವನು ಅದರ ಕೆಳಗೆ ಕೂತೇ ಹುರಿದ ಮೀನು ತಿನ್ನುತ್ತಿದ್ದ.

ಊರಿನ ಮಾಜಿ ಸೈನಿಕರ ಸಂಘಕ್ಕೆ ಒಂದು ಹಾಲ್ ಇತ್ತು. ಅಲ್ಲಿ ಬಾರ್ ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಹಳೆಯ ರೈಫಲ್ ಅಡ್ಡಡ್ಡಲಾಗಿ ತೂಗುತ್ತಿತ್ತು. ರೈಫಲ್ಲಿನಲ್ಲಿ ವಿಶೇಷವೇನೂ ಇರಲಿಲ್ಲ. ಅದರ ಪಟ್ಟಿ ಮಾತ್ರ ಸಂಘದ ಸ್ಥಾಪಕ ಅಲೋಯ್ಸ್ ಟಿಮ್ಮರ್ಮನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಹೊತ್ತು ತಿರುಗಿದ್ದು. ಊರಿಗೆ ಬಂದ ಮೇಲೆ ತನ್ನ ಕೈಯಾರೆ ಆ ರೈಫಲ್ಲಿಗೆ ಹಾಕಿ ಗೋಡೆಗೇರಿಸಿದ್ದು. ಅಲೋಯ್ಸ್ ಸತ್ತು ಎಷ್ಟೋ ಕಾಲವಾಗಿತ್ತು. ಈಗ ಹಾಲ್ ನೋಡಿಕೊಳ್ಳುತ್ತಿದ್ದವಳು ಅವನ ಮೊಮ್ಮಗಳು ಒಡೀಲಿಯಾ.

ಹಿಂದೊಮ್ಮೆ ಹಾಲ್‌ಗೆ ಬಣ್ಣ ಬಳಿದಾಗ ರೈಫಲನ್ನು ಇಳಿಸಿ ಮೇಜಿನ ಮೇಲೆ ಇಟ್ಟಿದ್ದರು. ಬಣ್ಣದವರು ಊಟಕ್ಕೆ ಹೋದಾಗ ಲೈನಸ್ ಪಟ್ಟಿಯ ತುದಿಯನ್ನು ಬೆರಳಿನಿಂದ ಒರೆಸಿ ನೋಡಿದ. ಆಯುಧಶಾಲೆಯ ಮುದ್ರೆ, ಅದರ ಕೆಳಗೆ 1910, ಅದರ ಕೆಳಗೆ ಪರೀಕ್ಷಕನ ಎರಡು ಅಕ್ಷರ. ಅವನಿಗೆ ಆ ಮುದ್ರೆಯನ್ನು ಬಿಟ್ಟು ಬೇರೇನೂ ಕಾಣದಾಯಿತು. ಮದುವೆಯ ದಿನ ವೆರೀನಾ ಇಗರ್ಜಿಯೊಳಗೆ ನಡೆದು ಬಂದಾಗಲೂ ಹೀಗೆ ಆಗಿರಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಸೊಂಟದ ಬೆಲ್ಟ್ ಬಿಚ್ಚಿ, ಪಟ್ಟಿಯ ಪಕ್ಕಕ್ಕಿಟ್ಟು, ತೂತಿನಿಂದ ತೂತಿಗಿರುವ ಅಂತರವನ್ನು ಉಗುರಿನಿಂದ ಗುರುತು ಮಾಡಿಕೊಂಡ. ಊಟ ಮುಗಿಸಿ ಬಂದ ಬಣ್ಣದವರಿಗೆ ಕಂಡದ್ದು, ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತ ಒಬ್ಬ ಗೌರವಸ್ಥ.

ಆಮೇಲೊಂದು ಶುಕ್ರವಾರ ತಮಾಷೆಗೆಂಬಂತೆ ಕೇಳಿಯೂ ನೋಡಿದ್ದ. "ಒಡೀಲಿಯಾ, ಆ ಹಳೇ ಪಟ್ಟಿ ಕೊಟ್ಟುಬಿಡೆ. ಅದರ ಬದಲಿಗೆ ಹೊಳೆಯೋ ಹೊಸ ಪಟ್ಟಿ ತಂದು ಹಾಕ್ತೀನಿ."

ಒಡೀಲಿಯಾ ಗ್ಲಾಸು ಒರೆಸುವುದನ್ನು ನಿಲ್ಲಿಸಲಿಲ್ಲ. "ನಮ್ಮ ತಾತ ಯುದ್ಧದಿಂದ ಬರೋವಾಗ ಅದನ್ನ ಯಾರಿಗೂ ಕಾಣದ ಹಾಗೆ ಹೊಟ್ಟೆಗೆ ಸುತ್ಕೊಂಡು ಹಡಗು ಹತ್ತಿದ್ದರಂತೆ. ನಿನ್ನ ಮೀನು ಆರ್ತಾ ಇದೆ, ತಿನ್ನು."

ಪಕ್ಕದಲ್ಲಿ ಕೂತಿದ್ದವರು ನಕ್ಕರು. ಲೈನಸ್ ಕೂಡ ನಕ್ಕ. ಅವನು ಸೈನ್ಯಕ್ಕೆ ಸೇರಿದವನಲ್ಲ; ಅವನ ಚಪ್ಪಟೆ ಪಾದ ನೋಡಿ ಸೈನ್ಯ ಅವನನ್ನು ಮನೆಗೆ ಕಳಿಸಿತ್ತು. ಆ ಹಾಲ್‌ನಲ್ಲಿ ಅವನು ಮೀನು ತಿನ್ನುವ ಸದಸ್ಯ, ಅಷ್ಟೇ. ಯಾರು ಹೊತ್ತು ತಿರುಗಿದರೋ ಅವರಿಗೆ ಪಟ್ಟಿಯ ಬೆಲೆ ಗೊತ್ತಿಲ್ಲ, ಬೆಲೆ ಗೊತ್ತಿರುವವನಿಗೆ ಪಟ್ಟಿ ಇಲ್ಲ. ಇದು ಯಾವ ನ್ಯಾಯ ಎಂದು ಅವನು ಮೀನಿನ ಮುಳ್ಳಿನೊಡನೆ ವಾದಿಸಿದ್ದ.

ಈಗ, ಹಲ್ಲು ಬಿದ್ದ ಬಾಯಿಯ ಮಾತು ಕೇಳಿ ಬಂದ ಮೇಲೆ, ವಾದ ಮುಗಿಯಿತು. ಕದಿಯುವುದೆಂದು ತೀರ್ಮಾನವಾಯಿತು.

ಕಳ್ಳತನದ ವಿಷಯದಲ್ಲಿ ಲೈನಸ್‌ಗೆ ವಿದ್ಯೆ ಕಡಿಮೆಯಿರಲಿಲ್ಲ. ಅವನು ವಿಮಾ ಕಂಪನಿಯೊಂದರಲ್ಲಿ ನಷ್ಟ ಪರಿಶೀಲಿಸುವವನು. ತಾವೇ ಸುಟ್ಟುಕೊಂಡ ಕೊಟ್ಟಿಗೆಗಳನ್ನು, ತಾವೇ ಬಚ್ಚಿಟ್ಟು ಕಳೆದುಹೋಯಿತೆಂದು ಅತ್ತ ಒಡವೆಗಳನ್ನು ಜೀವನವಿಡೀ ನೋಡಿದ್ದ. ಜನ ಸಿಕ್ಕಿಬೀಳುವುದು ಮೂರೇ ಕಾರಣಕ್ಕೆ ಎಂದು ಅವನು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದ: ಅವಸರ, ಆಸೆಬುರುಕತನ, ಬಾಯಿ. ಅವನಿಗೆ ಅವಸರವಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಪಟ್ಟಿ, ಅದನ್ನು ಮಾರುವ ಯೋಚನೆಯೂ ಇಲ್ಲ. ಇನ್ನು ಬಾಯಿ. ಪಟ್ಟಿಯ ಬಗ್ಗೆ ಅವನು ಮಾತು ತೆಗೆದರೆ ಸಾಕು, ಕೇಳುವವರು ಎದ್ದು ಹೋಗುತ್ತಿದ್ದರು. ಇದಕ್ಕಿಂತ ಒಳ್ಳೆಯ ಗುಟ್ಟು ಎಲ್ಲಿ ಸಿಕ್ಕೀತು?

ಉಪಾಯ ಸರಳ. ಕದ್ದಮೇಲೆ ಖಾಲಿ ಬಿಟ್ಟರೆ ಅದು ಕಳ್ಳತನ. ಕದ್ದ ಜಾಗದಲ್ಲಿ ಅದರ ತದ್ರೂಪನ್ನೇ ಇಟ್ಟರೆ ಕಳ್ಳತನ ನಡೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಅವನು ತದ್ರೂಪು ಮಾಡಲು ಕೂತ.

ಹಳೆಯ ಚರ್ಮಕ್ಕಾಗಿ, ಇಂದಿಗೂ ಕುದುರೆಗಾಡಿಯಲ್ಲೇ ಓಡಾಡುವ ಆಮಿಷ್ ಪಂಥದ ಜನರ ಹರಾಜಿನಲ್ಲಿ ಕುದುರೆಯ ಸರಂಜಾಮು ಕೊಂಡ. ಪಟ್ಟಿಯನ್ನು ತೂತಿಗೆ ಸಿಕ್ಕಿಸುವ ಹಿತ್ತಾಳೆಯ ಕೊಕ್ಕೆಗಳನ್ನು ತನ್ನಲ್ಲೇ ಇದ್ದ ತುಂಡಾದ ಪಟ್ಟಿಗಳಿಂದ ಬಿಚ್ಚಿದ. ಅವು ಅದೇ ಕಾಲದ ಅಸಲಿ ಕೊಕ್ಕೆಗಳು. ಎರಡನೆಯ ಯುದ್ಧದ ಹೊತ್ತಿಗೆ ಹಿತ್ತಾಳೆಯೆಲ್ಲ ತೋಟಾಗಳಿಗೆ ಹೋಗಿ ಕೊಕ್ಕೆಗಳು ಉಕ್ಕಿನವಾದವು ಎಂಬುದು ಮೊದಲ ತರಗತಿಯ ಪಾಠ. ನಕಲಿ ಮಾಡುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ದಾರದಲ್ಲಿ. ಈಗಿನ ದಾರ ನೇರಳೆ ಬೆಳಕಿನ ದೀಪ ಹಿಡಿದರೆ ಮಿಂಚುಹುಳದ ಹಾಗೆ ಹೊಳೆಯುತ್ತದೆ. ಲೈನಸ್ ತನ್ನ ಅಜ್ಜಿಯ ಹೊಲಿಗೆ ಡಬ್ಬಿಯ ನೂಲಿನ ಉಂಡೆ ತೆಗೆದು, ಜೇನುಮೇಣ ಹಚ್ಚಿ, ಹಳೆಯ ಪಟ್ಟಿಯಲ್ಲಿ ಎಷ್ಟು ಒತ್ತಾಗಿ ಹೊಲಿಗೆಯಿತ್ತೋ ಅಷ್ಟೇ ಒತ್ತಾಗಿ ಹೊಲಿದ. ಮುದ್ರೆಯ ಅಚ್ಚನ್ನು ಬೇರೆ ರಾಜ್ಯದ ಕೆತ್ತನೆಗಾರನೊಬ್ಬನಿಂದ ತುಂಡು ತುಂಡಾಗಿ ಮಾಡಿಸಿ ಮನೆಯಲ್ಲಿ ಜೋಡಿಸಿಕೊಂಡ. ಒಂದೇ ಏಟಿಗೆ ಮುದ್ರೆಯೊತ್ತಿ, ಅಚ್ಚನ್ನು ಕೆರೆಯ ನಡುವೆ ದೋಣಿಯಿಂದ ಮುಳುಗಿಸಿದ. ಅಂದು ಮೀನು ಹಿಡಿಯಲು ಹೋದದ್ದೆಂದು ಹೇಳಿದ್ದರಿಂದ ಬರುವಾಗ ಅಂಗಡಿಯಲ್ಲಿ ಮೀನನ್ನೂ ಕೊಳ್ಳಬೇಕಾಯಿತು.

ಹಿತ್ತಾಳೆ ಚರ್ಮಕ್ಕೆ ತಾಗುವಲ್ಲಿ ಹಸಿರು ಕಿಲುಬು ಕಟ್ಟಬೇಕು. ಅದಕ್ಕೆ ವಿನಿಗರ್, ಉಪ್ಪು ಮತ್ತು ತಾಳ್ಮೆ. ಕಷ್ಟವಾದದ್ದು ಹೊಗೆ. ಹಾಲ್‌ನ ಪಟ್ಟಿ ಎಷ್ಟೋ ದಶಕಗಳ ಸಿಗರೇಟಿನ ಹೊಗೆ, ಮೀನಿನ ಎಣ್ಣೆಯ ಆವಿ ಕುಡಿದು ಕಂದಿತ್ತು. ಲೈನಸ್ ಹೊಗೆ ಮುಟ್ಟಿದವನಲ್ಲ. ಈಗ ಹಿತ್ತಲಿನ ಶೆಡ್ಡಿನ ಬಾಗಿಲು ಹಾಕಿಕೊಂಡು, ಅಗ್ಗದ ಚುಟ್ಟಾ ಹಚ್ಚಿ, ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಒಂದು ಚರ್ಮದ ಪಟ್ಟಿಯ ಮುಖಕ್ಕೆ ಹೊಗೆ ಊದತೊಡಗಿದ. ಮೂಲೆಯಲ್ಲಿ ಬಾಣಲೆ ಇಟ್ಟು ಎಣ್ಣೆಯನ್ನೂ ಕಾಯಿಸಿದ. ಅಪರಾಧ ಲೋಕದ ದೊಡ್ಡ ತಲೆಗಳ ಸಾಲಿನಲ್ಲಿ ಈ ಚಿತ್ರಕ್ಕೆ ಎಲ್ಲಿ ಜಾಗ ಕೊಡಬಹುದೆಂದು ಅವನಿಗೇ ಅನುಮಾನವಾಗುತ್ತಿತ್ತು.

ಒಂದು ದಿನ ವೆರೀನಾ ಅವನ ಅಂಗಿಯನ್ನು ಮೂಸಿ ನೋಡಿ, ಬುಟ್ಟಿಗೆ ಹಾಕದೆ ಕೈಯಲ್ಲೇ ಹಿಡಿದು ಬಂದಳು.

"ಯಾರು ಅವಳು?"

"ಯಾರು?"

"ಸಿಗರೇಟು ಸೇದೋಳು. ಮೀನು ಹುರಿಯೋಳು."

ಲೈನಸ್‌ಗೆ ನಿಜವಾಗಿಯೂ ನಗು ಬಂತು. "ವೆರೀನಾ, ನನ್ನ ಮುಖ ನೋಡಿ ಹೇಳು. ನನಗೆ ಯಾರು ಸಿಗ್ತಾರೆ?"

ವೆರೀನಾ ಅವನ ಮುಖವನ್ನು ನಿಧಾನವಾಗಿ ನೋಡಿದಳು. ಅವಳಿಗೆ ಅಷ್ಟು ಬೇಗ ಸಮಾಧಾನವಾದದ್ದಕ್ಕೆ ಅವನಿಗೆ ಸ್ವಲ್ಪ ನೋವಾಯಿತು. "ಮತ್ತೆ ಶೆಡ್ಡಲ್ಲಿ ಏನು ಮಾಡ್ತಿದೀಯ?"

"ಬಂದೂಕಿನ ಪಟ್ಟಿ ಕೆಲಸ."

"ಓ," ಅಂದು ಅವಳು ಒಳಗೆ ಹೋದಳು. ಮುಂದಕ್ಕೆ ಒಂದು ಮಾತೂ ಕೇಳಲಿಲ್ಲ. ಪಟ್ಟಿ ಅಂದರೆ ಅವಳಿಗೆ ಅಲ್ಲಿಗೆ ಮುಗಿಯಿತು.

ಬೇಸಿಗೆಯ ಹೊತ್ತಿಗೆ ಪಟ್ಟಿ ಸಿದ್ಧವಾಯಿತು. ಹಾಲ್‌ನ ಪಟ್ಟಿಯ ನಡುವೆ ಇದ್ದ ಸಣ್ಣ ಬಿರುಕು, ಯಾವನೋ ಬಿಯರ್ ಚೆಲ್ಲಿದ್ದರಿಂದಾದ ಅರ್ಧಚಂದ್ರದ ಕಲೆ, ಎರಡನ್ನೂ ಅವನು ಶುಕ್ರವಾರಗಳಂದು ನೋಡಿ ನೋಡಿ ಮನಸ್ಸಿನಲ್ಲಿಟ್ಟುಕೊಂಡು ತಂದು ಇದರ ಮೇಲೆ ಮೂಡಿಸಿದ್ದ. ನೇರಳೆ ದೀಪ ಹಿಡಿದ. ಒಂದು ಎಳೆಯೂ ಹೊಳೆಯಲಿಲ್ಲ. ತಾನು ಮಾಡಿದ್ದೆಂದು ಗೊತ್ತಿರದಿದ್ದರೆ ತಾನೇ ಮೋಸ ಹೋಗುತ್ತಿದ್ದೆ ಎಂದು ಅನ್ನಿಸಿ ಹೆಮ್ಮೆಯಾಯಿತು. ಮರುಕ್ಷಣವೇ ದುಃಖವೂ ಆಯಿತು. ಜೀವನದಲ್ಲಿ ಮಾಡಿದ ಒಂದೇ ಒಂದು ನೀಲಿ ರಿಬ್ಬನ್ನಿನ ಕೆಲಸ ಇದು, ಇದರ ಮೇಲೆ ತನ್ನ ಹೆಸರು ಹಾಕುವಂತಿಲ್ಲ.

ಬದಲಾಯಿಸುವ ದಿನವನ್ನು ಅವನು ಹುಡುಕಬೇಕಾಗಲಿಲ್ಲ. ಇಗರ್ಜಿಯ ಬೇಸಿಗೆ ಪಿಕ್‌ನಿಕ್ಕಿನ ಭಾನುವಾರ ಮಧ್ಯಾಹ್ನ ಇಡೀ ಊರು ಕೋಳಿ ಊಟಕ್ಕೆ ಮೈದಾನದಲ್ಲಿ ಸೇರುತ್ತದೆ. ಹಾಲ್ ಖಾಲಿ. ಹಾಲ್‌ನಲ್ಲಿ ಮಂಜುಗಡ್ಡೆಯ ಯಂತ್ರವಿದೆ. ಬಿಯರ್ ಡೇರೆಗೆ ಮಂಜುಗಡ್ಡೆ ತಂದುಕೊಡುವ ಕೆಲಸ ಯಾರಿಗೂ ಬೇಡವಾದದ್ದು. ಲೈನಸ್ ಅದನ್ನು ತಾನೇ ವಹಿಸಿಕೊಂಡ. ಎಲ್ಲರೂ ಅವನ ಬೆನ್ನು ತಟ್ಟಿದರು. ಒಡೀಲಿಯಾ ತಾನಾಗಿಯೇ ಕೀಲಿ ಕೊಟ್ಟಳು.

"ನಿನ್ನ ಸೊಂಟ ಹುಷಾರು, ಲೈನಸ್," ಅಂದಳು. ಅವನಿಗೆ ಒಂದು ಕ್ಷಣ ಪಾಪಪ್ರಜ್ಞೆಯಂಥದ್ದೇನೋ ಆಯಿತು. ಕೀಲಿ ಜೇಬಿಗೆ ಹೋದ ಮೇಲೆ ಅದೂ ಹೋಯಿತು.

ಮೊದಲ ಎರಡು ಸಲ ಬರೀ ಮಂಜುಗಡ್ಡೆ ತಂದ. ಮೂರನೆಯ ಸಲ ಬಕೆಟ್ಟಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಪಟ್ಟಿ ಇತ್ತು. ಹಾಲ್‌ನೊಳಗೆ ಕತ್ತಲು, ತಂಪು, ಯಂತ್ರದ ಗೊರಗೊರ. ಏಣಿ ಹಾಕಿ ಹತ್ತಿದ. ಬಂದೂಕನ್ನು ಇಳಿಸದೆ, ಗೋಡೆಯಲ್ಲಿದ್ದ ಹಾಗೆಯೇ ಹಳೆಯ ಪಟ್ಟಿ ಬಿಚ್ಚಿದ. ಹೊಸದನ್ನು ಪೋಣಿಸುವುದನ್ನು ಶೆಡ್ಡಿನಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದ. ಹೊರಗೆ ಬ್ಯಾಂಡಿನವರು ಪೋಲ್ಕಾ ಕುಣಿತದ ಹಾಡು ಬಾರಿಸುತ್ತಿದ್ದರು. ಅವನ ಬೆರಳುಗಳು ಆ ಹಾಡು ಮುಗಿಯುವ ಮೊದಲೇ ಕೆಲಸ ಮುಗಿಸಿದವು. ಏಣಿ ಇಳಿದು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. ಎಲ್ಲ ಹೇಗಿರಬೇಕೋ ಹಾಗಿತ್ತು. ಕೆಳಗೆ ಬಿದ್ದಿದ್ದ ಧೂಳನ್ನು ಕರವಸ್ತ್ರದಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡ. ಬೇರೆಯವರ ಧೂಳು ಕದಿಯುವಷ್ಟು ಎಚ್ಚರಿಕೆಯ ಕಳ್ಳನನ್ನು ತನ್ನ ವೃತ್ತಿಯಲ್ಲಿ ಅವನು ಕಂಡಿರಲಿಲ್ಲ.

"ಎಲ್ಲಿ ಹೋಗಿದ್ದೆ? ಬಿಯರ್ ಬಿಸಿಯಾಗೋಯ್ತು," ಎಂದು ಡೇರೆಯವರು ಬೈದರು. ಬೈಗುಳ ಎಂದೂ ಅಷ್ಟು ಹಿತವಾಗಿರಲಿಲ್ಲ. ಆ ದಿನ ಅವನು ಕೋಳಿಯ ಎರಡು ಪಾಲು ತಿಂದ.

ಮರುದಿನದಿಂದ ಕಾದು ನೋಡಿದ. ಏನೂ ಆಗಲಿಲ್ಲ. ಶುಕ್ರವಾರಗಳಂದು ನಕಲಿಯ ಕೆಳಗೆ ಕೂತು ಮೀನು ತಿಂದ. ಯಾರೂ ತಲೆಯೆತ್ತಲಿಲ್ಲ. ಒಡೀಲಿಯಾ ಎಂದಿನಂತೆ ಗ್ಲಾಸು ಒರೆಸುತ್ತಿದ್ದಳು. ಅಸಲಿ ಪಟ್ಟಿಯನ್ನು ಅವನು ಬೇಸಿಗೆಯಿಡೀ ಹೊರಗೆ ತೆಗೆಯಲಿಲ್ಲ. ಬೇಸಿಗೆ ಕಳೆದ ಮೇಲೆ ಅದರ ಕಲೆಯನ್ನೂ ಹೊಗೆಯ ಬಣ್ಣವನ್ನೂ ಸಾಬೂನು, ಎಣ್ಣೆ ಹಾಕಿ ಮೆಲ್ಲಗೆ ತೆಗೆದ. ಆಮೇಲೆ ಇಂಡಿಯಾನಾದ ಹರಾಜೊಂದಕ್ಕೆ ಹೋಗಿ, ಹಳೆಯ ಪಟ್ಟಿಗಳ ಒಂದು ಪೆಟ್ಟಿಗೆಯನ್ನು ಎಲ್ಲರೆದುರೇ ಜೋರಾಗಿ ಕೂಗಿ ಕೊಂಡ. ಮನೆಗೆ ಬಂದ ಮೇಲೆ ಆ ಪೆಟ್ಟಿಗೆಯಲ್ಲಿ ಒಂದು ಅದ್ಭುತ "ಸಿಕ್ಕಿತು."

ಮುಂದಿನ ಕೊಲಂಬಸ್ ಪ್ರದರ್ಶನದಲ್ಲಿ ಅವನ ಬೋರ್ಡಿನಲ್ಲಿ ಖಾಲಿ ಮೊಳೆ ಇರಲಿಲ್ಲ. ಪೈಕ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನಿಂತ. ಕೊನೆಗೆ ಸೊಂಟ ನೆಟ್ಟಗೆ ಮಾಡಿ ಕೈ ನೀಡಿದ. "ಹಲ್ಲು ಬಂತಲ್ಲಪ್ಪ," ಅಂದ. ನೀಲಿ ರಿಬ್ಬನ್ ಬಂತು. ವೆರೀನಾ ಅದನ್ನು ಬೆಳಕಿಗೆ ಹಿಡಿದು, "ಕ್ರಿಸ್‌ಮಸ್ಸಿಗೆ ಇದರ ಬಣ್ಣ ಹೊಂದಲ್ಲ," ಅಂದಳು. ಆದರೂ ಮುಂಬಾಗಿಲ ಪಕ್ಕದಲ್ಲಿ, ಬಂದವರಿಗೆ ಕಾಣುವ ಹಾಗೆ ತಾನೇ ತೂಗುಹಾಕಿದಳು.

ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಆದರೆ ಲೈನಸ್‌ಗೆ ಇನ್ನೊಂದು ಆಸೆ ಉಳಿದಿತ್ತು. ಗೋಡೆಯ ಮೇಲಿನ ತನ್ನ ಕೃತಿಯನ್ನು ಮೆಚ್ಚಬಲ್ಲ ಕಣ್ಣು ಇಡೀ ರಾಜ್ಯದಲ್ಲಿ ಒಂದೇ, ಅದು ಪೈಕ್‌ನದು. ಹೆಸರು ಹಾಕಲಾಗದಿದ್ದರೆ ಹೋಗಲಿ, ಆ ಕಣ್ಣು ಮೋಸಹೋಗುವುದನ್ನಾದರೂ ನೋಡಬೇಡವೇ? ಬಾಯಿ ಬಿಡುವುದಿಲ್ಲವಲ್ಲ, ಬರೀ ನೋಡುವುದು. ಅವನು ಡಾಕ್ಟರನ್ನು ಒಂದು ಶುಕ್ರವಾರ ಊರಿಗೆ ಕರೆದ. "ನಮ್ಮ ಹಾಲ್‌ನ ಮೀನು ತಿಂದು ನೋಡಬೇಕು ಡಾಕ್ಟ್ರೇ," ಅಂದ.

ಅಂದುಕೊಂಡಂತೆಯೇ ಆಯಿತು. ಪೈಕ್ ಮೀನಿನ ಮೊದಲ ತುಂಡು ಬಾಯಿಗಿಡುವ ಮುನ್ನವೇ ಗೋಡೆ ನೋಡಿದ. ಒಡೀಲಿಯಾಳ ಅನುಮತಿ ಕೇಳಿ, ಕುರ್ಚಿ ಹಾಕಿ ಹತ್ತಿ, ಜೇಬಿನಿಂದ ಸಣ್ಣ ದೀಪ ತೆಗೆದು ಹೊಲಿಗೆ ನೋಡಿದ, ಮುದ್ರೆ ನೋಡಿದ, ಕಿಲುಬನ್ನು ಉಗುರಿನಿಂದ ಮುಟ್ಟಿ ಮೂಸಿದ. ಬಾರಿನಲ್ಲಿದ್ದವರೆಲ್ಲ ತಿನ್ನುವುದು ನಿಲ್ಲಿಸಿದರು.

"ಹತ್ತನೇ ಇಸವಿ," ಎಂದು ಪೈಕ್ ಮೇಲಿನಿಂದಲೇ ಹೇಳಿದ. "ಅಪ್ಪಟ ಅಸಲಿ. ಲೈನಸ್, ನೀನೆಂಥ ಮನುಷ್ಯನಯ್ಯಾ? ಒಂದಕ್ಕಾಗಿ ಇಂಡಿಯಾನಾವರೆಗೆ ಅಲೆದೆ. ಇನ್ನೊಂದು ನಿನ್ನ ತಲೆಯ ಮೇಲೇ ತೂಗ್ತಾ ಇತ್ತಲ್ಲೋ."

ಎಲ್ಲರೂ ನಕ್ಕರು. ಲೈನಸ್ ತಲೆ ತಗ್ಗಿಸಿ, ನಾಚಿದವನಂತೆ ಮೀನಿಗೆ ನಿಂಬೆ ಹಿಂಡಿದ. ತನ್ನ ಬದುಕಿನ ಅತ್ಯುತ್ತಮ ಗಳಿಗೆ ಇದೇ, ಇದಕ್ಕೆ ರಿಬ್ಬನ್ ಬೇಕಾಗಿಲ್ಲ ಎಂದು ಅವನಿಗೆ ಅನ್ನಿಸಿತು.

ಒಡೀಲಿಯಾ ಕುರ್ಚಿಯಿಂದ ಇಳಿದ ಪೈಕ್‌ನ ಮುಂದೆ ಒಂದು ಬಿಯರ್ ಇಟ್ಟಳು. "ಒಂದು ಕೇಳ್ಲಾ ಡಾಕ್ಟ್ರೇ? ಆ ಹಿತ್ತಾಳೆ ಕೊಕ್ಕೆಗಳ ಮೂತಿ ಯಾವ ಕಡೆಗಿರಬೇಕು?" "ಹೊರಗಡೆಗಮ್ಮ. ಸುಮಾರು ಜನ ತಿರುಗುಮುರುಗಾಗಿ ಹಾಕ್ತಾರೆ. ಇಲ್ಲಿ ಸರಿಯಾಗಿದೆ," ಅಂದ ಪೈಕ್. "ಅದೇ ನನಗೆ ಅರ್ಥವಾಗದೆ ಇರೋದು," ಅಂದಳು ಒಡೀಲಿಯಾ. "ನಮ್ಮ ತಾತ ಅದನ್ನ ತಿರುಗುಮುರುಗಾಗೇ ಹಾಕಿದ್ದರು. ಸಾರ್ಜೆಂಟ್ ಎಷ್ಟು ಬೈದ್ರೂ ಯುದ್ಧ ಮುಗಿಯೋವರೆಗೂ ಹಾಗೇ ಹಾಕ್ಕೊಂಡು ತಿರುಗಿದ್ರಂತೆ. ಊರಿಗೆ ಬಂದ ಮೇಲೆ ಅವನ ಮೇಲಿನ ಸಿಟ್ಟಿಗೆ ಹಾಗೇ ಗೋಡೆಗೆ ಏರಿಸಿದರು. ಇದು ನಮ್ಮ ಮನೇಲಿ ಸಣ್ಣ ಮಕ್ಕಳಿಗೂ ಗೊತ್ತು. ಪಿಕ್‌ನಿಕ್ ಮುಗಿದ ಮಾರನೇ ದಿನ ಬಂದು ನೋಡ್ತೀನಿ, ಕೊಕ್ಕೆ ಹೊರಗೆ ತಿರುಗಿದೆ. ಯಾರೂ ಏನೂ ಕದ್ದಿಲ್ಲ, ಪಟ್ಟಿ ಇದ್ದಲ್ಲೇ ಇದೆ. ಹಾಗಾದ್ರೆ ಯಾರು ತಿದ್ದಿದ್ದು, ಯಾಕೆ ತಿದ್ದಿದ್ದು ಅಂತ ತಲೆ ಕೆಡಿಸ್ಕೊಂಡಿದ್ದೆ." ಅವಳು ಬಟ್ಟೆ ಕೆಳಗಿಟ್ಟು ಲೈನಸ್‌ನ ಕಡೆ ತಿರುಗಿದಳು. ಪೈಕ್ ಕೂಡ ತಿರುಗಿದ. ಅವನ ಮುಖದಿಂದ ನಗು ನಿಧಾನವಾಗಿ ಇಳಿಯುತ್ತಿತ್ತು. ಲೈನಸ್‌ಗೆ ಆಗ ನೆನಪಾಯಿತು: ಒಳಕ್ಕೆ ತಿರುಗಿದ ಆ ಕೊಕ್ಕೆಗಳನ್ನು ಅವನು ಇಷ್ಟು ವರ್ಷ ಪ್ರತಿ ಶುಕ್ರವಾರ ನೋಡಿ ಹಲ್ಲು ಕಚ್ಚಿದ್ದ, ಬೇರೆಯವರ ಗೋಡೆಯ ವಿಷಯ ನಮಗೇಕೆಂದು ಸುಮ್ಮನಿದ್ದ; ಏಣಿಯ ಮೇಲೆ ಮಾತ್ರ ಅವನ ಬೆರಳುಗಳು ಅವನನ್ನು ಕೇಳಿರಲಿಲ್ಲ. "ಈ ಊರಲ್ಲಿ ಅದು ತಪ್ಪು ಅಂತ ಯಾರಿಗನ್ನಿಸುತ್ತೆ, ಲೈನಸ್?" ಎಂದು ಒಡೀಲಿಯಾ ಮೆಲ್ಲಗೆ ಕೇಳಿದಳು. ಇಂಥ ಪ್ರಶ್ನೆಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ವಿಮಾ ಕಂಪನಿಯ ಹಳೆಯ ನೌಕರನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಬಾಯಿಗೆ ಬಂದದ್ದು ಬೇರೆಯೇ. "ಕೊಕ್ಕೆ ಒಳಕ್ಕಿದ್ರೆ ಬಂದೂಕಿನ ಮರಕ್ಕೆ ಗೀರು ಬೀಳುತ್ತೆ, ಒಡೀಲಿಯಾ," ಅಂದ ಲೈನಸ್.